ಔಷಧದಾನ ನಮ್ಮ ಶಾಸ್ತ್ರದಲ್ಲಿ, ಔಷಧಾಲಯ ಅವರ ಊರಲ್ಲಿ

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಜಿನಮಂದಿರದ ವಿಶ್ವಸ್ತ ಮಂಡಳಿಯ ಸಭೆಯಲ್ಲಿ ನಾನೂ ಕುಳಿತಿದ್ದೆ. ಸಭೆಯ ಮುಂದೆ ಎರಡು ವಿಷಯಗಳಿದ್ದವು. ಮೊದಲನೆಯದು, ಮಂದಿರದ ಮುಂಭಾಗಕ್ಕೆ ಅಮೃತಶಿಲೆಯ ನೆಲಗಟ್ಟು. ಎರಡನೆಯದು, ನಾನೇ ಸೂಚಿಸಿದ್ದು: ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ಬಿಡದಂತೆ ಒಂದು ವಸತಿ, ಮತ್ತು ವಾರಕ್ಕೊಂದು ದಿನ ಬಡರೋಗಿಗಳಿಗೆ ಉಚಿತ ಔಷಧ. ಮೊದಲನೆಯದು ಹತ್ತು ನಿಮಿಷಗಳಲ್ಲಿ ಅಂಗೀಕೃತವಾಯಿತು. ಎರಡನೆಯದಕ್ಕೆ ಹಿರಿಯರೊಬ್ಬರು, “ಅದು ಮಿಶನರಿಗಳ ಕೆಲಸ, ನಮ್ಮದಲ್ಲ” ಎಂದರು. ಸಭೆ ನಕ್ಕಿತು, ವಿಷಯವನ್ನು ಮುಂದಕ್ಕೆ ಹಾಕಲಾಯಿತು. ಅದೇ ಹಿರಿಯರು ಅದೇ ಸಭೆಯ ಕೊನೆಯಲ್ಲಿ, ಕ್ರೈಸ್ತ ಮಿಶನರಿಗಳು ಆಸ್ಪತ್ರೆ ಶಾಲೆಗಳ ನೆಪದಲ್ಲಿ ಬಡವರ ಧರ್ಮವನ್ನು ಕಸಿಯುತ್ತಿದ್ದಾರೆಂದು ಖೇದ ವ್ಯಕ್ತಪಡಿಸಿದರು. ಈ ಎರಡು ಮಾತುಗಳು ಒಂದೇ ಬಾಯಿಯಿಂದ ಹೇಗೆ ಬರಬಲ್ಲವು? ಧರ್ಮಬಂಧುಗಳು ಕೋಪಿಸಿಕೊಳ್ಳದೆ ವಿಚಾರ ಮಾಡಬೇಕೆಂದು ಪ್ರಾರ್ಥನೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ನಮ್ಮ ಗಡಿಯವರೆಗೂ ಬಂದರು. ಕೊಪ್ಪಳ, ಯಲಬುರ್ಗಾ ಆಗ ನಿಜಾಮ ಸಂಸ್ಥಾನದೊಳಗೆ ಸಾಲಾರಜಂಗರ ಜಾಗೀರು. ಶಾಲೆಗಳು ವಿರಳ, ಕನ್ನಡ ಶಾಲೆಗಳು ಇನ್ನೂ ವಿರಳ; ವೈದ್ಯರಂತೂ ದುರ್ಲಭ. ಬೆಟಗೇರಿಯಲ್ಲಿ ಮಿಶನ್ ಆಸ್ಪತ್ರೆ ನಿಂತ ಮೇಲೆ ನಮ್ಮ ಕಡೆಯ ರೋಗಿಗಳಿಗೂ ಅದೇ ದಿಕ್ಕಾಯಿತು. ನನ್ನ ತಾಯಿಯವರು ಹೆರಿಗೆಯ ಸಂಕಟದಲ್ಲಿದ್ದಾಗ ತಂದೆಯವರು ಕೊಪ್ಪಳದಲ್ಲಿ ರೈಲು ಹತ್ತಿಸಿ ಅಲ್ಲಿಗೇ ಕರೆದೊಯ್ದರು. ಅಲ್ಲಿಯ ದಾದಿಯರು ಜಾತಿ ಕೇಳಲಿಲ್ಲ. ರಾತ್ರಿ ಭೋಜನದ ನಿಷೇಧವನ್ನು ತಿಳಿದುಕೊಂಡು ಹೊತ್ತು ಮುಳುಗುವ ಮುನ್ನವೇ ಗಂಜಿ ತಂದಿಟ್ಟರೆಂದು ತಾಯಿಯವರು ಕೊನೆಯವರೆಗೂ ಹೇಳುತ್ತಿದ್ದರು. ಬೆಳಿಗ್ಗೆ ವಾರ್ಡಿನಲ್ಲಿ ಬೈಬಲ್ ಓದುತ್ತಿದ್ದರೆಂಬುದನ್ನೂ ಹೇಳುತ್ತಿದ್ದರು. ತಾಯಿಯವರು ಅದನ್ನು ಕೇಳಿದರು, ಮನಸ್ಸಿನಲ್ಲಿ ಣಮೋಕಾರ ಜಪಿಸಿದರು, ಗುಣವಾಗಿ ಮನೆಗೆ ಬಂದರು.

ಇದು ಔಷಧದಾನದ ಮಾತಾಯಿತು. ಶಾಸ್ತ್ರದಾನದ ಮಾತು ಇದಕ್ಕಿಂತ ಹೆಚ್ಚು ನಾಚಿಕೆಯದು. ಕನ್ನಡ ವ್ಯಾಕರಣದ ಮುಕುಟಮಣಿಯಾದ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ ನಮ್ಮವನು. ಅದನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿ ಕಿಟ್ಟೆಲ್. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಸಮಾಜ, ತಾಳೆಗರಿಯ ಗ್ರಂಥಗಳಿಗೆ ಭಂಡಾರದಲ್ಲಿ ಧೂಪ ಹಾಕುತ್ತ ಕುಳಿತಿದ್ದಾಗ, ಪರಧರ್ಮದ ಪರದೇಶಿಯೊಬ್ಬನು ನಮ್ಮ ಶಾಸ್ತ್ರವನ್ನು ನಮಗೇ ದಾನ ಮಾಡಿದನು.

ಇನ್ನೊಬ್ಬ ಮಿಶನ್ ವೈದ್ಯನ ಮಾತನ್ನೂ ಕೇಳಬೇಕು. ಅಲ್ಸೇಸ್ ಪ್ರಾಂತದ ಆಲ್ಬರ್ಟ್ ಶ್ವೈಟ್ಜರ್ 1913ರಲ್ಲಿ ಆಫ್ರಿಕೆಯ ಗೆಬೊನ್ ದೇಶದ ಲಂಬಾರೆನೆ ಎಂಬ ಹೊಳೆದಂಡೆಯ ಊರಿಗೆ ಹೋಗಿ ಆಸ್ಪತ್ರೆ ತೆರೆದರು. ಅವರ ಮತವಿಚಾರಗಳ ಮೇಲೆ ಸಂಶಯವಿದ್ದ ಮಿಶನ್ ಸಂಘಕ್ಕೆ, ತಾನು ಬೋಧನೆ ಮಾಡದೆ ವೈದ್ಯನಾಗಿ ಮಾತ್ರ ಇರುವೆನೆಂದು ಮಾತು ಕೊಟ್ಟು ಹೋದವರು ಅವರು. 1952ರ ನೊಬೆಲ್ ಶಾಂತಿ ಪಾರಿತೋಷಕದ ಹಣವನ್ನು ಕುಷ್ಠರೋಗಿಗಳ ವಸತಿಗೆ ವಿನಿಯೋಗಿಸಿದರು. ಆಫ್ರಿಕದವರನ್ನು ಕಿರಿಯರಂತೆ ಕಂಡರೆಂಬ ಆಕ್ಷೇಪ ಅವರ ಮೇಲಿದೆ, ಅದು ನಿರಾಧಾರವೂ ಅಲ್ಲ. ಭಾರತೀಯ ಚಿಂತನೆಯನ್ನು ಕುರಿತು ಒಂದು ಗ್ರಂಥ ಬರೆದು ಅದರಲ್ಲಿ ಜೈನರ ಅಹಿಂಸೆಯನ್ನು ಅವರು ಬಹುವಾಗಿ ಕೊಂಡಾಡಿದ್ದಾರೆ. ಜೊತೆಗೇ ಒಂದು ಆರೋಪವನ್ನೂ ಹೊರಿಸಿದ್ದಾರೆ: ಈ ಅಹಿಂಸೆ ಹುಟ್ಟಿದ್ದು ಕರುಣೆಯಿಂದಲ್ಲ, ಲೋಕದ ಸೋಂಕು ತಗುಲದಂತೆ ತಾನು ಶುದ್ಧನಾಗಿರಬೇಕೆಂಬ ಬಯಕೆಯಿಂದ, ಆದುದರಿಂದ ಅದು ಕೊಲ್ಲದಿರುವುದರಲ್ಲಿ ನಿಂತುಬಿಡುತ್ತದೆ, ಕಾಪಾಡುವುದಕ್ಕೆ ಕೈ ಚಾಚುವುದಿಲ್ಲ.

ಶಾಸ್ತ್ರದ ದೃಷ್ಟಿಯಿಂದ ಈ ಆರೋಪ ತಪ್ಪು. ಸಮ್ಯಗ್ದರ್ಶನದ ಮೂರನೆಯ ಅಂಗ ನಿರ್ವಿಚಿಕಿತ್ಸೆ, ಎಂದರೆ ರೋಗಿಯ ದೇಹವನ್ನು ಕಂಡು ಹೇಸದಿರುವುದು. ಅದಕ್ಕೆ ದೃಷ್ಟಾಂತನಾದವನು ಉದ್ದಾಯನ ಮಹಾರಾಜ. ರುಗ್ಣರ ಸೇವೆಯಾದ ವೈಯಾವೃತ್ತ್ಯವನ್ನು ಅಭ್ಯಂತರ ತಪಸ್ಸುಗಳಲ್ಲಿ ಎಣಿಸಲಾಗಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಶ್ರಾವಕನಿಗೆ ವಿಹಿತವಾಗಿವೆ. ಮದ್ಯ, ಮಾಂಸ, ಮಧುಗಳನ್ನು ತೊರೆದು ಚಿಕಿತ್ಸೆ ಹೇಳುವ ‘ಕಲ್ಯಾಣಕಾರಕ’ವನ್ನು ಉಗ್ರಾದಿತ್ಯಾಚಾರ್ಯರು ರಚಿಸಿದರು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ವನ್ನೂ, ಮಂಗರಾಜ ವಿಷಚಿಕಿತ್ಸೆಯ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲಿ ಬರೆದರು. ಇವರೆಲ್ಲರೂ ಜೈನರು. ಆದರೆ ನಮ್ಮ ನಡತೆಯ ದೃಷ್ಟಿಯಿಂದ ಆ ಆರೋಪ ತಪ್ಪೇ? ಶಾಸನಗಳು ಮಹಾತೀರ್ಥವೆಂದು ಕೀರ್ತಿಸಿದ ಕೊಪಣದಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಆಕ್ಷೇಪಗಳು ಮೂರು. ಮಿಶನರಿಗಳು ಮತಾಂತರಕ್ಕಾಗಿ ಕೊಡುತ್ತಾರೆ ಎಂಬುದು ಮೊದಲನೆಯದು. ಒಪ್ಪಿದೆ. ಹಸಿದವನ, ನೋಯುವವನ ಅಸಹಾಯಕತೆಯನ್ನು ಹಿಡಿದು ಅವನ ಶ್ರದ್ಧೆಯನ್ನು ಬದಲಿಸಹೊರಡುವುದು ಎಲ್ಲಿ ನಡೆದರೂ, ಯಾರು ನಡೆಸಿದರೂ ಅಪಚಾರವೇ. ಫಲವನ್ನು ಬಯಸಿ ಮಾಡುವುದನ್ನು ನಮ್ಮವರು ನಿದಾನವೆಂದು ಕರೆದು, ಮೂರು ಶಲ್ಯಗಳಲ್ಲಿ ಸೇರಿಸಿದ್ದಾರೆ. ಆದರೆ ಆ ಶಲ್ಯ ನಮ್ಮಲ್ಲಿಲ್ಲವೆ? ಅವರಲ್ಲಿ ಕೆಲವರು ಕೊಟ್ಟದ್ದಕ್ಕೆ ಪ್ರತಿಯಾಗಿ ಆತ್ಮವನ್ನು ಕೇಳಿದರೆ, ನಾವು ಗೋಡೆಯ ಮೇಲೆ ಹೆಸರು ಕೇಳುತ್ತೇವೆ. ನಾಲ್ಕು ದಶಕ ಅಂಗಡಿಯ ಗಾದಿಯ ಮೇಲೆ ಕುಳಿತವನು ನಾನು. ಲಾಭ ಬಯಸಿ ಹೂಡಿದ್ದು ಬಂಡವಾಳ, ಬಿಟ್ಟುಕೊಟ್ಟದ್ದು ದಾನ. ಈ ಎರಡನ್ನೂ ಒಂದೇ ಖಾತೆಯಲ್ಲಿ ಬರೆಯುವ ಲೆಕ್ಕಿಗನನ್ನು ನಾವು ಕೆಲಸಕ್ಕಿಟ್ಟುಕೊಳ್ಳುವುದಿಲ್ಲ.

ಎರಡನೆಯದು, ದಾನ ಸತ್ಪಾತ್ರಕ್ಕೇ ಸಲ್ಲಬೇಕು ಎಂಬುದು. ಇದು ಅರ್ಧ ಓದಿದವರ ಮಾತು. ಪಾತ್ರದಾನ ಬೇರೆ, ಕರುಣಾದಾನ ಬೇರೆ. ನೋವುಂಡ ಜೀವಿಯ ಎದುರಿನಲ್ಲಿ ಪಾತ್ರ ಅಪಾತ್ರಗಳ ವಿಚಾರಣೆಯಿಲ್ಲ.

ಮೂರನೆಯದು, ದೇವದ್ರವ್ಯವನ್ನು ಅನ್ಯಕಾರ್ಯಕ್ಕೆ ಬಳಸಕೂಡದು ಎಂಬುದು. ಈ ಮಾತಿಗೆ ನಾನೂ ತಲೆಬಾಗುತ್ತೇನೆ. ಅದರ ಒಂದು ಕಾಸನ್ನೂ ಮುಟ್ಟುವುದು ಬೇಡ. ಔಷಧ ಮತ್ತು ಶಾಸ್ತ್ರದಾನಕ್ಕೆಂದೇ ಪ್ರತ್ಯೇಕ ಖಾತೆ ತೆರೆಯಿರಿ. ಪಂಚಕಲ್ಯಾಣದಲ್ಲಿ, ಪರ್ಯೂಷಣದಲ್ಲಿ ಹತ್ತು ಸವಾಲು ಕೂಗುವಲ್ಲಿ ಹನ್ನೊಂದನೆಯದನ್ನು ಆ ಖಾತೆಗಾಗಿ ಕೂಗಿರಿ. ಅದಕ್ಕೆ ಯಾರೂ ಕೈ ಎತ್ತದಿದ್ದರೆ, ಉಳಿದ ಹತ್ತಕ್ಕೆ ಕೈ ಎತ್ತಿಸಿದ್ದು ಭಕ್ತಿಯೋ ಪ್ರತಿಷ್ಠೆಯೋ ಎಂಬುದು ಅಲ್ಲಿಯೇ ನಿರ್ಣಯವಾಗುತ್ತದೆ.

ಇದು ಅಸಾಧ್ಯವಾದ ಕಾರ್ಯವಲ್ಲ. ಧರ್ಮಸ್ಥಳದ ಹೆಗ್ಗಡೆಯವರ ಮನೆತನ ಜೈನ ಮನೆತನ. ಆ ಕ್ಷೇತ್ರದ ಅನ್ನ, ಶಾಲೆ, ಆಸ್ಪತ್ರೆಗಳು ಸರ್ವಜನರಿಗೂ ತೆರೆದಿವೆ. ಜಯಪುರದಲ್ಲಿ 1975ರಲ್ಲಿ ಮಹಾವೀರ ಭಗವಾನರ ಹೆಸರಿನಲ್ಲಿ ಸ್ಥಾಪಿತವಾದ ಸಮಿತಿ, ಕಾಲು ಕಳೆದುಕೊಂಡವರಿಗೆ ಉಚಿತವಾಗಿ ಕೃತಕ ಕಾಲು ಜೋಡಿಸುತ್ತಿದೆ. ಭಾರತದ ಆಚೆಗೂ ಅದರ ಶಿಬಿರಗಳು ನಡೆದಿವೆ. ನಮ್ಮ ಕಣ್ಣೆದುರಿನ ಗವಿಮಠವು ದಾಸೋಹ ಮತ್ತು ವಿದ್ಯಾರ್ಥಿ ವಸತಿಗಳನ್ನು ನಡೆಸುತ್ತಿರುವುದನ್ನು ಕೊಪ್ಪಳದ ಮಕ್ಕಳೂ ಬಲ್ಲರು. 1997ರಲ್ಲಿ ನಮ್ಮದು ಪ್ರತ್ಯೇಕ ಜಿಲ್ಲೆಯಾಯಿತು, 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿತು. ಆದರೂ ಕುಷ್ಟಗಿಯ ಹಳ್ಳಿಯ ಮುದುಕಿಗೆ ಅಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚು, ಜೊತೆಗಿರುವವರ ಒಂದು ದಿನದ ಕೂಲಿ, ಇವೇ ರೋಗಕ್ಕಿಂತ ಭಾರ. ಗಂಗಾವತಿಯ ಭತ್ತದ ವ್ಯಾಪಾರದಲ್ಲಿ ನಮ್ಮವರು ಗಳಿಸಿದ್ದು ಈ ಜನರ ಬೆವರಿನ ನಡುವೆಯೇ ಅಲ್ಲವೆ?

ಆದುದರಿಂದ ಎಲ್ಲ ತಾಲ್ಲೂಕುಗಳ ದಿಗಂಬರ, ಶ್ವೇತಾಂಬರ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ: ಬರುವ ಮಹಾವೀರ ಜಯಂತಿಯೊಳಗೆ ಒಂದು ಔಷಧಾಲಯ, ಒಂದು ವಿದ್ಯಾರ್ಥಿ ವಸತಿ. ನಿಯಮಗಳು ಮೂರೇ ಇರಲಿ. ಜಾತಿ ಮತ ಕೇಳಕೂಡದು, ಬೋಧನೆ ಮಾಡಕೂಡದು, ದಾನಿಯ ಹೆಸರು ಕೆತ್ತಕೂಡದು. ಅಷ್ಟು ಮಾಡಿದ ಮೇಲೆ ಮಿಶನರಿಗಳ ಗುಣದೋಷಗಳನ್ನು ಕುರಿತು ಸಭೆ ಸೇರಿಸಿರಿ, ನಾನೂ ಬಂದು ಮಾತನಾಡುತ್ತೇನೆ. ಅಲ್ಲಿಯವರೆಗೆ ಬೆಟಗೇರಿಯ ಆ ದಾದಿಯನ್ನು ನಿಂದಿಸುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ.

ಜೈ ಜಿನೇಂದ್ರ.