ಮಳೆ ಬಂದರೆ ಪರದೆ ತುಂಬ ಚೌಕಳಿ!



ನಮ್ಮ ಗೆಳೆಯರೊಬ್ಬರಿಗೆ ಹಳೇ ಡಿಸ್ಕುಗಳ ಹುಚ್ಚು. ಮೊನ್ನೆ ಸಂತೆಯಿಂದ ‘ಒಂದೇ ಡಿವಿಡಿಯಲ್ಲಿ ಮೂರು ಚಿತ್ರ’ ತಂದು, “ಅಗ್ಗಕ್ಕೆ ಸಿಕ್ತು ಗುರೂ!” ಅಂತ ಬೀಗಿದರು. ಹಾಕಿ ನೋಡಿದೆವು. ನಾಯಕ ಮರದಡಿ ನಿಂತು ಡೈಲಾಗ್ ಹೊಡೆಯುವ ತನಕ ಎಲ್ಲಾ ಸರಿ. ಮಳೆ ಹಾಡು ಶುರುವಾಯ್ತು ನೋಡಿ, ನಾಯಕಿಯ ಮುಖವೆಲ್ಲ ಚೌಕಳಿ ಲುಂಗಿ! “ಟೀವಿ ಕೆಟ್ಟಿದೆ” ಅಂದರು ಗೆಳೆಯರು. ಪಾಪ, ಟೀವಿ ಏನು ಮಾಡೀತು?

ಡಿಸ್ಕಿನೊಳಗೆ ಒಬ್ಬ ಜಿಪುಣ ಗುಮಾಸ್ತ ಕೂತಿದ್ದಾನೆ ಅಂದುಕೊಳ್ಳಿ. ಸೆಕೆಂಡಿಗೆ 25 ಚಿತ್ರಗಳನ್ನೂ ಅವನು ಪೂರ್ತಿ ಬರೆಯೋದಿಲ್ಲ. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಬದಲಾಗದ ಚೌಕದ ಮುಂದೆ ‘ಮೇಲಿನಂತೆ’ ಅಂತ ಗೀಚಿ ಮುಂದೆ ಹೋಗ್ತಾನೆ. ಮರ? ಮೇಲಿನಂತೆ. ಗೋಡೆ? ಮೇಲಿನಂತೆ. ನಾಯಕನ ತುಟಿ ಮಾತ್ರ ಹೊಸದು. ಆದರೆ ಮಳೆಯಲ್ಲಿ ಯಾವುದು ಮೇಲಿನಂತೆ ಸ್ವಾಮಿ? ಹನಿ ಹನಿಯೂ ಹೊಸದು! ಕಾಗದ ಸಾಲದೆ ಗುಮಾಸ್ತ ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ ಬಳಿದು ಕೈತೊಳೆದುಕೊಳ್ತಾನೆ. 2006ರ ಡಿಸೆಂಬರಿನಲ್ಲಿ ಬಂತಲ್ಲ ‘ಮುಂಗಾರು ಮಳೆ’, ಅಂಥ ಚಿತ್ರ ಸಿಕ್ಕರೆ ಅವನ ಗತಿ ಏನಾಗಬೇಡ!

1993ರಲ್ಲಿ ಹುಟ್ಟಿದ ವಿಸಿಡಿಗೆ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 11.5 ಲಕ್ಷ ಬಿಟ್, ಸದ್ದಿಗೆ ಎರಡೂಕಾಲು ಲಕ್ಷ. ಒಂದು ಡಿಸ್ಕಿನಲ್ಲಿ 74 ನಿಮಿಷ. ಹಾಡಿನ ನಡುವೆಯೇ ಎದ್ದು ಎರಡನೇ ಡಿಸ್ಕ್ ಹಾಕಿದ್ದು ನೆನಪಿದೆಯಾ? 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿ ದೊಡ್ಡ ಮನೆ, 4.7 ಗಿಗಾಬೈಟ್. ಎರಡೂವರೆ ಗಂಟೆಯ ಒಂದೇ ಚಿತ್ರ ಹಾಕಿದರೆ ಸೆಕೆಂಡಿಗೆ 40 ಲಕ್ಷ ಬಿಟ್ ದಾಟುತ್ತೆ. ಮೂರು ತುರುಕಿದರೆ? ಸದ್ದೂ ಸೇರಿ ತಲಾ 14 ಲಕ್ಷ. ಅಂದರೆ ವಿಸಿಡಿಯಷ್ಟೇ! ಅದೂ ವಿಸಿಡಿಯಲ್ಲಿ ತುಂಬಬೇಕಾದ ಚುಕ್ಕೆ ಒಂದು ಲಕ್ಷ, ಡಿವಿಡಿಯಲ್ಲಿ ನಾಲ್ಕು ಲಕ್ಷ. ಡಿವಿಡಿಯ ಗುಮಾಸ್ತ ಸ್ವಲ್ಪ ಜಾಣ, ನಿಜ. ಆದರೂ ಒಂದು ಲೋಟ ಹಾಲನ್ನು ನಾಲ್ಕು ಕೊಡ ನೀರಿಗೆ ಬೆರೆಸಿದರೆ ಜಾಣತನ ಎಷ್ಟು ದಿನ ಬಾಳೀತು?

ಹಳೇ ವಿಎಚ್‌ಎಸ್ ಟೇಪಿನಲ್ಲಿ ಬಣ್ಣ ಹರಡ್ತಿತ್ತು, ಗೆರೆ ಬರ್ತಿತ್ತು. ಚೌಕಳಿ ಮಾತ್ರ ಇರಲಿಲ್ಲ.

ಈಗ ಅಂತರ್ಜಾಲದಲ್ಲಿ ಹಳೇ ಚಿತ್ರಕ್ಕೆ ‘ಎಚ್‌ಡಿ’ ಅಂತ ಚೀಟಿ ಹಚ್ಚಿರ್ತಾರೆ. ಮೂಲ ವಿಸಿಡಿಯಾಗಿದ್ದರೆ ಅದು ಹಿಗ್ಗಿಸಿದ ಚೌಕಳಿ, ಅಷ್ಟೆ. ಗುಮಾಸ್ತ ಬಿಸಾಡಿದ್ದು ವಾಪಸ್ ಬರೋದಿಲ್ಲ. ನೆಗೆಟಿವ್ ಅಥವಾ ಒಳ್ಳೇ ಪ್ರಿಂಟ್ ಇದ್ದರೆ ಹೊಸದಾಗಿ ಸ್ಕ್ಯಾನ್ ಮಾಡಬಹುದು. ಅದೂ ಕೊಳೆತು ಹೋದರೆ ನಮ್ಮ ನೆಚ್ಚಿನ ನಟನ ಮುಖ ಮುಂದಿನವರಿಗೆ ಇಷ್ಟೇ ಮಸುಕಾಗಿ ಉಳಿಯುತ್ತೆ. ಆ ಸಂಕಟ ಯಾರಿಗೆ ಹೇಳೋಣ?

ಗೆಳೆಯರಿಗಾಗಿ ಅದೇ ಚಿತ್ರ ಒಂದೇ ಇರುವ ಡಿವಿಡಿ ಹುಡುಕಿ ತಂದೆವು. ಮಳೆ ಹಾಡಿಗೆ ಓಡಿಸಿದೆವು. ನಾಯಕಿಯ ರೆಪ್ಪೆಯ ತುದಿಯಲ್ಲಿ ಒಂದು ಹನಿ ತೂಗ್ತಾ ಇದೆ! ಅದು ಮಳೆಯೋ, ಗ್ಲಿಸರಿನ್ನೋ ಅಂತ ನಮ್ಮಿಬ್ಬರ ಜಗಳ ಇನ್ನೂ ನಿಂತಿಲ್ಲ.