ಗೃಹವಿಚಾರ: ಏಳುವ ಹೊತ್ತು

ಊಟಕ್ಕೆ ಕುಳಿತವನು ನಡುವೆಯೇ ಎದ್ದರೆ ಬಡಿಸಿದವರು ನೊಂದುಕೊಳ್ಳುವರು. ಎಲೆ ಬರಿದಾದ ಮೇಲೂ ಏಳದಿದ್ದರೆ ಪಂಕ್ತಿಯವರು ಬೇಸರಪಡುವರು. ಕುಳಿತುಕೊಳ್ಳುವುದಕ್ಕೆ ಹೊತ್ತಿರುವಂತೆ ಏಳುವುದಕ್ಕೂ ಒಂದು ಹೊತ್ತುಂಟು. ಅದನ್ನು ಅರಿಯುವುದು ಎಷ್ಟು ಕಷ್ಟವೆಂಬುದನ್ನು ಕಳೆದ ಬೇಸಗೆಯಲ್ಲಿ ಅಬ್ಬೆತುಮಕೂರಿನ ಕಟ್ಟೆಯೊಂದರ ಮೇಲೆ ನಡೆದ ವಾದವು ನಮಗೆ ತಿಳಿಯಪಡಿಸಿತು. ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ಅಬ್ಬೆತುಮಕೂರು ಯಾದಗಿರಿ ಸೀಮೆಯ ಗ್ರಾಮ. ವಿಶ್ವಾರಾಧ್ಯರ ಮಠದಿಂದ ಸುತ್ತಣ ಜನರಿಗೆಲ್ಲ ಪರಿಚಿತವಾದುದು. ಮಠಕ್ಕೆ ಹೋಗಿ ಬಂದ ನಾವು, ಬಿಸಿಲು ಇಳಿಯುವವರೆಗೆ ಪರಿಚಿತರೊಬ್ಬರ ಮನೆಯ ಮುಂದಣ ಬೇವಿನ ಕಟ್ಟೆಯಲ್ಲಿ ಕುಳಿತಿದ್ದೆವು. ಆ ಮನೆಯ ಹಿರಿಯರಿಗೆ 75 ದಾಟಿದೆ. ಓಣಿಯ ಹುಡುಗರಿಗೆಲ್ಲ ಅವರು ‘ಮುತ್ಯಾ’. ಹೊಲದ ಲೆಕ್ಕ, ಉಗ್ರಾಣದ ಬೀಗದ ಕೈ, ಅಡತಿಯವರೊಡನೆ ವ್ಯವಹಾರ, ಎಲ್ಲವೂ ಇಂದಿಗೂ ಅವರ ಕೈಯಲ್ಲಿಯೇ ಇರುವುವು. ಮಕ್ಕಳಿಬ್ಬರು ಐವತ್ತರ ಸಮೀಪದವರಾದರೂ ತೊಗರಿಯನ್ನು ಯಾವ ದಿನ ಮಾರಬೇಕೆಂಬುದನ್ನು ಎಂದೂ ತಾವಾಗಿ ನಿಶ್ಚಯಿಸಿದವರಲ್ಲ. ಈ ವಿಷಯದಲ್ಲಿ ಮನೆಯೊಳಗೆ ಮಾತಿಲ್ಲದ ಒಂದು ಮುನಿಸು ಇದ್ದುದು ನಮಗೆ ತಿಳಿಯದೆ ಹೋಗಲಿಲ್ಲ.

ಕಟ್ಟೆಯ ಮೇಲಿನ ತರುಣರ ಮಾತು ಕ್ರಿಕೆಟ್ಟಿನದು. 2024ರ ಡಿಸೆಂಬರಿನಲ್ಲಿ ರವಿಚಂದ್ರನ್ ಅಶ್ವಿನ್ ಆಸ್ಟ್ರೇಲಿಯದ ಪ್ರವಾಸ ಮುಗಿಯುವ ಮೊದಲೇ ಬ್ರಿಸ್ಬೇನಿನಲ್ಲಿ ಅಂತರರಾಷ್ಟ್ರೀಯ ಆಟವನ್ನು ಬಿಟ್ಟುದು ಸರಿಯೆ ಎಂದು ಒಬ್ಬನು ಕೇಳಿದನು. “ನಮ್ಮ ಕುಂಬ್ಳೆನೂ ಹಂಗ ಬಿಟ್ಟಿದ್ದ, ಮರತಿಯೇನು?” ಎಂದು ಮತ್ತೊಬ್ಬನು ಎತ್ತಿದ ಕೂಡಲೆ ವಾದವು ಅನಿಲ್ ಕುಂಬ್ಳೆಯವರತ್ತ ತಿರುಗಿ, ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ.

ಮೊದಲ ಪ್ರಶ್ನೆಯು ಪ್ರತಿಭೆಯದು. “ಚಂಡು ತಿರಗಲಿಲ್ಲಂದ್ರ ಅದು ಸ್ಪಿನ್ ಹ್ಯಾಂಗಾತು?” ಎಂಬುದು ಒಬ್ಬನ ಆಕ್ಷೇಪ. ಇದು ಹೊಸದಲ್ಲ. 1990ರಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ ಕುಂಬ್ಳೆಯವರು ಮೊದಲ ಟೆಸ್ಟ್ ಆಡಿದಂದಿನಿಂದ ಈ ಮಾತು ಅವರ ಬೆನ್ನು ಬಿಡಲಿಲ್ಲ. ಶೇನ್ ವಾರ್ನನ ಚೆಂಡು ನೆಲ ಮುಟ್ಟಿ ಹಾವಿನಂತೆ ಹೊರಳುತ್ತಿದ್ದಿತು. ಕುಂಬ್ಳೆಯವರದು ಹೆಚ್ಚು ಕಡಿಮೆ ನೇರವಾಗಿ, ವೇಗವಾಗಿ, ಪುಟಿದು ಬರುತ್ತಿದ್ದಿತು. ತವರಿನ ನೆಲದಲ್ಲಿ 350 ವಿಕೆಟ್, ಹೊರಗೆ 269. ಆದುದರಿಂದ ಮನೆಯಂಗಳದ ಹುಲಿಯೆಂದು ಇನ್ನೊಬ್ಬನು ಸೇರಿಸಿದನು.

ಎದುರು ಪಕ್ಷದವನೂ ಲೆಕ್ಕ ಬಲ್ಲವನೇ. 2003–04ರಲ್ಲಿ ಆಸ್ಟ್ರೇಲಿಯದಲ್ಲಿ ಮೂರೇ ಟೆಸ್ಟುಗಳಲ್ಲಿ 24 ವಿಕೆಟ್, ಅದರಲ್ಲಿಯೂ ಸಿಡ್ನಿಯ ಒಂದೇ ಪಂದ್ಯದಲ್ಲಿ 12, ಅಂಗಳದ ಹುಲಿಯ ಕೆಲಸವೆ ಎಂದು ಅವನು ಕೇಳಿದನು. 132 ಟೆಸ್ಟುಗಳಲ್ಲಿ 619 ವಿಕೆಟ್ ಪಡೆದು ಇಂದಿಗೂ ಭಾರತೀಯರಲ್ಲಿ ಮೊದಲಿಗರಾಗಿರುವುದನ್ನೂ ನೆನಪಿಸಿದನು. ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಮುತ್ಯಾ ನಕ್ಕು, “ಕುಡಗೋಲಿಗೆ ತೆನಿ ಕೊಯ್ಯಾದು ಗೊತ್ತಿದ್ದರ ಸಾಕು, ತಮ್ಮಾ. ಕುಣಿಯಾಕ ಬರ್ತದೇನಂತ ಯಾರು ಕೇಳ್ತಾರ?” ಎಂದರು.

ಈ ಮಾತಿಗೆ ನಮ್ಮ ಪೂರ್ಣ ಸಮ್ಮತಿಯಿದೆ. ನಾವು ಮಕ್ಕಳಲ್ಲಿ ಪ್ರತಿಭೆಯನ್ನು ಹುಡುಕುವಾಗ ಕಣ್ಣಿಗೆ ಕಟ್ಟುವ ಚಮತ್ಕಾರವನ್ನೇ ಹುಡುಕುತ್ತೇವೆ. ತನಗೆ ದೊರೆತ ಎತ್ತರ, ದೊರೆತ ಬೆರಳು, ದೊರೆತ ಬುದ್ಧಿ ಇವುಗಳನ್ನೇ ದಿನದಿನವೂ ತಿಕ್ಕಿ ಹರಿತಗೊಳಿಸುವವನನ್ನು ‘ಕಷ್ಟಪಡುವ ಹುಡುಗ’ ಎಂದು ಕರೆದು ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತೇವೆ. 1999ರ ಫೆಬ್ರವರಿ 7ರಂದು ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನವು ಒಂದು ವಿಕೆಟ್ಟನ್ನೂ ಕಳೆಯದೆ 101 ಓಟ ಗಳಿಸಿದ್ದಿತು. 207ಕ್ಕೆ ಎಲ್ಲರೂ ಹೊರಗೆ. ಹತ್ತು ವಿಕೆಟ್ಟುಗಳೂ ಕುಂಬ್ಳೆಯವರವೇ, 74 ಓಟಗಳಿಗೆ. ಟೆಸ್ಟ್ ಇತಿಹಾಸದಲ್ಲಿ ಅದಕ್ಕೆ ಮೊದಲು 1956ರಲ್ಲಿ ಜಿಮ್ ಲೇಕರ್ ಒಬ್ಬನೇ ಇದನ್ನು ಸಾಧಿಸಿದ್ದನು. ಆದರೆ ಒಂಬತ್ತು ವಿಕೆಟ್ ಬಿದ್ದ ಬಳಿಕ, ಹತ್ತನೆಯದು ತನಗೆ ದೊರೆಯಬಾರದೆಂದು ಮೈಸೂರಿನ ಜಾವಗಲ್ ಶ್ರೀನಾಥ್ ಬೇಕೆಂದೇ ಚೆಂಡನ್ನು ದೂರ ದೂರಕ್ಕೆ ಎಸೆದುದನ್ನು ಮರೆಯಲಾಗದು. ಒಬ್ಬನ ಸಾಧನೆಯೊಳಗೆ ಇನ್ನೊಬ್ಬನ ತ್ಯಾಗವು ಅಡಗಿರುವುದು ಸಂಸಾರದಲ್ಲಿರುವಂತೆ ಆಟದಲ್ಲಿಯೂ ಉಂಟು.

ಎರಡನೆಯ ಪ್ರಶ್ನೆಯು ಸ್ವಭಾವದ್ದು. ಕುಂಬ್ಳೆಯವರು ಬಿಗಿಯಾದ ಮನುಷ್ಯರು, ನಗು ಕಡಿಮೆ, ಹಟ ಹೆಚ್ಚು ಎಂದು ಒಬ್ಬನೆಂದನು. ಆ ಹಟವೇ 2002ರ ಮೇ ತಿಂಗಳಿನಲ್ಲಿ ಆಂಟಿಗುವಾದಲ್ಲಿ, ಚೆಂಡು ತಗುಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರುಗಳನ್ನು ಒಂದೇ ಸಮನೆ ಎಸೆದು ಬ್ರಯನ್ ಲಾರಾನನ್ನು ಹೊರಗಟ್ಟಿತೆಂದು ಮತ್ತೊಬ್ಬನು ಉತ್ತರವಿತ್ತನು. ಹಾಗಾದರೆ 2017ರ ಜೂನಿನಲ್ಲಿ ತಂಡದ ತರಬೇತುದಾರರ ಸ್ಥಾನವನ್ನು ಒಂದೇ ವರ್ಷಕ್ಕೆ ಬಿಟ್ಟುದೇಕೆ ಎಂದು ಮೊದಲಿನವನು ಮರುಪ್ರಶ್ನೆ ಹಾಕಿದನು. ಅವರ ಕಾಲದಲ್ಲಿ ಆಡಿದ 17 ಟೆಸ್ಟುಗಳಲ್ಲಿ ತಂಡವು ಸೋತುದು ಒಂದನ್ನೇ. ಆದರೂ ತಮ್ಮ ರೀತಿಯ ಬಗ್ಗೆ ನಾಯಕರಿಗೆ ಆಕ್ಷೇಪವಿದೆಯೆಂದು ತಿಳಿದು ತಾವು ಬಿಡುತ್ತಿರುವುದಾಗಿ ಅವರೇ ಬಹಿರಂಗವಾಗಿ ಹೇಳಿದರು. ನಾಯಕರು ವಿರಾಟ್ ಕೊಹ್ಲಿ.

ಇಲ್ಲಿ ಯಾರು ಸರಿ, ಯಾರು ತಪ್ಪೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಗೃಹಸ್ಥರು ಗಮನಿಸತಕ್ಕ ಭೇದವೊಂದುಂಟು. ತನ್ನ ದವಡೆ ಮುರಿದಾಗಲೂ ಕೆಲಸ ಬಿಡದಿರುವ ಬಿಗಿತನಕ್ಕೆ ಯಾರ ಅಪ್ಪಣೆಯೂ ಬೇಡ. ಅದೇ ಬಿಗಿತನವನ್ನು ಬೆಳೆದ ಮಕ್ಕಳ ಮೇಲೆ, ಸೊಸೆಯಂದಿರ ಮೇಲೆ ನಡೆಸಬೇಕಾದರೆ ಅವರ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲವೆಂದು ಕಂಡ ಕೂಡಲೆ ಕುರ್ಚಿಯನ್ನು ಬಿಟ್ಟೇಳುವುದು ಸೋಲಲ್ಲ. ಒಪ್ಪಿಗೆಯಿಲ್ಲದೆಯೂ ಕುಳಿತೇ ಇರುವುದು ಗೆಲುವೂ ಅಲ್ಲ.

ಮೂರನೆಯದೇ ಮುಖ್ಯವಾದ ಪ್ರಶ್ನೆ: ನಡುವೆ ಬಿಟ್ಟು ಹೋಗಬಹುದೆ? 2008ರಲ್ಲಿ ಆಸ್ಟ್ರೇಲಿಯದವರು ನಾಲ್ಕು ಟೆಸ್ಟುಗಳಿಗಾಗಿ ಭಾರತಕ್ಕೆ ಬಂದಿದ್ದರು. ಆ ಒಂದೇ ಸರಣಿಯಲ್ಲಿ ಇಬ್ಬರು ಹಿರಿಯರು ಆಟ ಬಿಟ್ಟರು. ಸೌರವ್ ಗಂಗೂಲಿ ಸರಣಿ ಆರಂಭವಾಗುವ ಮುನ್ನವೇ ಬೆಂಗಳೂರಿನಲ್ಲಿ, ಇದು ತನ್ನ ಕಡೆಯ ಸರಣಿಯೆಂದು ಸಾರಿ, ನಾಗಪುರದಲ್ಲಿ ಮುಗಿಸಿದರು. ನಾಯಕರಾಗಿದ್ದ ಕುಂಬ್ಳೆಯವರು ಹಾಗೇನೂ ಹೇಳಲಿಲ್ಲ. ಬೆಂಗಳೂರಿನ ಮೊದಲ ಟೆಸ್ಟಿನಲ್ಲಿ ಅವರಿಗೆ ಒಂದು ವಿಕೆಟ್ಟೂ ದೊರೆಯಲಿಲ್ಲ. ಹೆಗಲಿನ ನೋವಿನಿಂದ ಮೊಹಾಲಿಯಲ್ಲಿ ಆಡಲಿಲ್ಲ. ದಿಲ್ಲಿಯ ಮೂರನೆಯ ಟೆಸ್ಟಿನಲ್ಲಿ ಕ್ಯಾಚ್ ಹಿಡಿಯಹೋಗಿ ಎಡಗೈಯ ಕಿರುಬೆರಳು ಸೀಳಿ 11 ಹೊಲಿಗೆ ಬಿದ್ದುವು. ನಾಗಪುರದಲ್ಲಿ ಆಡಲಾಗದೆಂದು ಅರಿತು, ನವೆಂಬರ್ 2ರಂದು, ಹತ್ತು ವಿಕೆಟ್ ಪಡೆದ ಅದೇ ಕೋಟ್ಲಾ ಮೈದಾನದಲ್ಲಿ, ಪಂದ್ಯದ ಕಡೆಯ ದಿನ ನಿವೃತ್ತಿಯನ್ನು ಪ್ರಕಟಿಸಿಬಿಟ್ಟರು. ಸಂಗಡಿಗರು ಅವರನ್ನು ಹೆಗಲ ಮೇಲೆ ಹೊತ್ತು ನಡೆದರು.

“ಮೊದಲ ಹೇಳಿದ್ದರ ಜನ ಕಣ್ತುಂಬ ನೋಡತಿದ್ರು” ಎಂದು ಒಬ್ಬನ ವ್ಯಥೆ. “ಕೈಲಾಗಲಾರದ ಒಂದು ದಿನಾನೂ ಜಾಗ ಹಿಡಕೊಂಡು ಕೂಡಬಾರದು” ಎಂದು ಇನ್ನೊಬ್ಬನ ವಾದ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ನೋಡುವವರಿಗೆ ಹಠಾತ್ತೆನಿಸಿದುದು ಆಡುವವನಿಗೆ ಹಠಾತ್ತಲ್ಲ. ಅವನ ಹೆಗಲು ಎಷ್ಟೋ ದಿನಗಳಿಂದ ಅವನೊಡನೆ ಮಾತನಾಡುತ್ತಿರುತ್ತದೆ.

ಆದರೆ ಅಂದು ಅವರು ಹಾಗೆ ಎದ್ದು ಹೋಗಲು ಸಾಧ್ಯವಾದುದು ಹೇಗೆಂಬುದನ್ನು ತರುಣರು ಎತ್ತಲಿಲ್ಲ. ಅವರಿಲ್ಲದ ಮೊಹಾಲಿಯಲ್ಲಿ ಮಹೇಂದ್ರ ಸಿಂಗ್ ಧೋನಿ ತಂಡವನ್ನು ನಡೆಸಿ ಗೆದ್ದಿದ್ದರು. ಅಲ್ಲಿಯೇ ಮೊದಲ ಟೆಸ್ಟ್ ಆಡಿದ ಅಮಿತ್ ಮಿಶ್ರಾ ಒಂದೇ ಸರದಿಯಲ್ಲಿ ಐದು ವಿಕೆಟ್ ಪಡೆದಿದ್ದರು. ಹರಭಜನ್ ಸಿಂಗ್ ಬಹುಕಾಲದಿಂದ ಜೊತೆಯಲ್ಲಿ ಪಳಗಿದ್ದರು. ನಾಗಪುರದಲ್ಲಿ ಇವರೇ ಆಡಿ ಗೆದ್ದು, ಸರಣಿಯೂ ಭಾರತದ್ದಾಯಿತು. ಧೋನಿ ಆ ದಿನ ಕುಂಬ್ಳೆಯವರನ್ನು ಕರೆದು ಪಾರಿತೋಷಕಕ್ಕೆ ಕೈಗೂಡಿಸುವಂತೆ ಮಾಡಿದರು. ಮುಂದಿನವರ ಕೈ ಪಳಗಿದ್ದರೆ ಹಿಂದಿನವರು ಯಾವ ದಿನ ಎದ್ದರೂ ಮನೆ ಕುಸಿಯದು. ಪಳಗಿಸದೆ ಇದ್ದರೆ, ಹತ್ತು ವರ್ಷ ಮೊದಲೇ ಡಂಗುರ ಸಾರಿ ಎದ್ದರೂ ಕುಸಿಯುವುದೇ.

ನಾವು ಇಷ್ಟನ್ನು ಹೇಳಿದೆವು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಿರಿಯ ಮಗನು ತಲೆ ತಗ್ಗಿಸಿದನು. ಮುತ್ಯಾ ಮಾತ್ರ, “ಅವನಿಗಿ ಆಗ ವಯಸ್ಸೆಷ್ಟು?” ಎಂದು ಕೇಳಿದರು. 38 ಎಂದೆವು. “ಸಣ್ಣ ಹುಡುಗ” ಎಂದು ಹೇಳಿ ಎದ್ದು ಒಳಗೆ ಹೋದರು. ನಮ್ಮ ಮಾತು ಅವರಿಗೆ ನೋವು ತಂದಿತೇನೋ ಎಂದು ರಾತ್ರಿಯೆಲ್ಲ ನಮಗೆ ಸಮಾಧಾನವಿರಲಿಲ್ಲ. ಮನೆಗಾಗಿ ಅರುವತ್ತು ವರ್ಷ ದುಡಿದ ಕೈಗೆ ಬೀಗದ ಕೈಯೆಂಬುದು ಬರಿಯ ಕಬ್ಬಿಣವಲ್ಲ. ಅದನ್ನು ಬಿಟ್ಟ ಮೇಲೆ ತಾನು ಯಾರೆಂಬ ಭಯವು ಅದಕ್ಕೆ ಅಂಟಿಕೊಂಡಿರುತ್ತದೆ. ಈ ಭಯವನ್ನು ಅರಿಯದೆ ಮಕ್ಕಳು ‘ಬಿಡು’ ಎಂದರೆ ಅದು ಕ್ರೌರ್ಯವಾಗುವುದು. ಅಡಿಗೆಮನೆಯನ್ನು ಬಿಟ್ಟುಕೊಡದ ಅತ್ತೆಯ ಹಟದ ಹಿಂದೆಯೂ ಇದೇ ಭಯವುಂಟೆಂಬುದನ್ನು ಸೊಸೆಯಂದಿರು ನೆನೆಯಬೇಕು.

ಮರುದಿನ ಬೆಳಗ್ಗೆ ನಾವು ಬಸ್ಸಿಗೆ ಹೊರಟಾಗ ಮುತ್ಯಾ ಅಂಗಳದಲ್ಲಿ ನಿಂತು ಹಿರಿಯ ಮಗನನ್ನು ಕರೆದರು. “ನಾಳಿ ಯಾದಗಿರಿಗಿ ನೀನೂ ಬಾ. ತೊಗರಿ ಮಾತು ನೀನೇ ಆಡು. ನಾ ಬಾಜೂ ಕುಂತು ಕೇಳ್ತೀನಿ” ಎಂದರು. ಬೀಗದ ಕೈ ಇನ್ನೂ ಅವರ ಉಡಿದಾರದಲ್ಲಿಯೇ ಇದ್ದಿತು. ಮಗನು “ಆಗಲಿ, ಯಪ್ಪಾ” ಎಂದವನೇ ನಮ್ಮ ಚೀಲವನ್ನು ಎತ್ತಿಕೊಂಡು, ಬಸ್ಸು ನಿಲ್ಲುವಲ್ಲಿಯವರೆಗೂ ಒಂದು ಮಾತನ್ನೂ ಆಡದೆ ನಮ್ಮೊಡನೆ ಬಂದನು.

ವಾಚಕರೆ, ನಿಮ್ಮ ಮನೆಯಲ್ಲಿ ಏಳುವ ಹೊತ್ತು ಯಾರದಿದೆಯೋ ನಾವರಿಯೆವು. ಏಳಿರೆಂದು ಹೇಳುವ ಮುನ್ನ, ಮುಂದೆ ಕೂರತಕ್ಕವರಿಗೆ ಬಾಜೂ ಒಂದು ಮಣೆಯನ್ನು ಇಂದೇ ಹಾಕಿಸಿರೆಂಬುದಷ್ಟೇ ನಮ್ಮ ಬಿನ್ನಹ.