ಮಗುವಿನ ಬುದ್ಧಿಗೆ ಒಂದು ದಿನದ ತೂಕ ಸಾಲದು

ನವೋದಯ ವಿದ್ಯಾಲಯದ 6ನೆಯ ತರಗತಿಯ ಪ್ರವೇಶ ಪರೀಕ್ಷೆಯ ಫಲ ಪ್ರಕಟವಾದಾಗಲೆಲ್ಲ, ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದಿರುವ ನಮ್ಮ ಹೋಟೆಲು ಕೆಲಸಗಾರರೂ ಗುಮಾಸ್ತರೂ ಕಾತರದಿಂದ ಸುದ್ದಿ ಕೇಳುವುದುಂಟು. ಆಯ್ಕೆಯಾದ ಮಗು ಜಾಣ, ಆಗದ ಮಗು ದಡ್ಡ ಎಂಬ ತೀರ್ಪೂ ಅದೇ ಸಂಜೆ ಹೊರಬೀಳುತ್ತದೆ. ಈ ತೀರ್ಪು ಸರ್ವಥಾ ಸಲ್ಲದೆಂಬುದು ನಮ್ಮ ಅಭಿಪ್ರಾಯ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಈ ಶಾಲೆಗಳು ಏರ್ಪಟ್ಟುದು ಮುಖ್ಯವಾಗಿ ಹಳ್ಳಿಯ ಪ್ರತಿಭೆಗಾಗಿ. ಕಡಮೆಯೆಂದರೆ ನೂರಕ್ಕೆ 75 ಸ್ಥಾನಗಳು ಗ್ರಾಮಾಂತರದ ಮಕ್ಕಳಿಗೆ ಮೀಸಲು. ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, 2 ಗಂಟೆಯ ಅವಧಿ. ಬುದ್ಧಿಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25 ಅಂಕ. ಕನ್ನಡದಲ್ಲಿಯೂ ಬರೆಯಬಹುದು. ಶಿಫಾರಸು ಇಲ್ಲದ ಬಡವನ ಮಗುವಿಗೂ ಬಾಗಿಲು ತೆರೆಯುವ ಇಂಥ ಪರೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ.

ಆದರೆ ಒಂದು ಶಾಲೆಯಲ್ಲಿರುವ ಸ್ಥಾನಗಳು ಹೆಚ್ಚೆಂದರೆ 80. ಬರೆಯುವವರು ಅದರ ಎಷ್ಟೋ ಪಾಲು. 80ನೆಯವನಿಗೂ 81ನೆಯವನಿಗೂ ನಡುವೆ ಇರುವುದು ಒಂದು ಪ್ರಶ್ನೆಯ ಅಂತರವಿರಬಹುದು, ಬುದ್ಧಿಯ ಅಂತರವಲ್ಲ. ಪಂಕ್ತಿಯಲ್ಲಿ ಎಲೆ ಮುಗಿದುದಕ್ಕೆ ಹೊರಗೆ ನಿಂತವನಿಗೆ ಹಸಿವಿಲ್ಲವೆಂದು ಯಾರೂ ಹೇಳರಷ್ಟೆ!

ನಗರದ ಶಾಲೆಗಳಲ್ಲಿ ಓದುವ ಮಕ್ಕಳು ಕೆಲವೊಮ್ಮೆ ತರುವ ಪರ್ಸೆಂಟೈಲ್ ಎಂಬ ಲೆಕ್ಕವೂ ತಂದೆಯರನ್ನು ದಾರಿತಪ್ಪಿಸುತ್ತದೆ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ 90 ಅಂಕವಲ್ಲ. ಹೋಲಿಕೆಗೆ ತೆಗೆದುಕೊಂಡ ಮಕ್ಕಳಲ್ಲಿ ನೂರಕ್ಕೆ 90 ಮಂದಿಗಿಂತ ಈ ಮಗು ಮುಂದಿದೆ ಎಂದರ್ಥ. ಜೊತೆಯವರು ಬದಲಾದರೆ ಸ್ಥಾನವೂ ಬದಲಾಗುತ್ತದೆ. ಇದಲ್ಲದೆ ಒಂದೇ ತರಗತಿಯ ಇಬ್ಬರು ಮಕ್ಕಳಲ್ಲಿ ಹತ್ತು ಹನ್ನೊಂದು ತಿಂಗಳ ಅಂತರವಿರುವುದುಂಟು. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಹತ್ತು ವರ್ಷದ ಮಗುವಿಗೆ ಅದು ಆಯುಷ್ಯದ ಹೆಚ್ಚುಕಡಮೆ ಹತ್ತನೆಯ ಒಂದು ಪಾಲು.

ಪಂಡಿತರ ತಕ್ಕಡಿಯೂ ತಪ್ಪಿದ್ದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ನರು 1921ರಲ್ಲಿ ಮೊದಲುಗೊಂಡು ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಪರೀಕ್ಷೆ ನಡೆಸಿ 1,500ಕ್ಕೂ ಹೆಚ್ಚು ಅಸಾಧಾರಣ ಮಕ್ಕಳನ್ನು ಆರಿಸಿದರು. ಆಗ ಆಯ್ಕೆಯಾಗದೆ ಉಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್ ಎಂಬಿಬ್ಬರಿದ್ದರು. ಮೊದಲನೆಯವರಿಗೆ 1956ರಲ್ಲಿ, ಎರಡನೆಯವರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆರಿಸಲ್ಪಟ್ಟವರಲ್ಲಿ ಒಬ್ಬರಿಗೂ ಅದು ದೊರೆಯಲಿಲ್ಲ.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. 6ನೆಯ ತರಗತಿಯ ಈ ಪರೀಕ್ಷೆಯನ್ನು ಮಗು ಬರೆಯಬಹುದಾದುದು ಒಮ್ಮೆ ಮಾತ್ರ. ಆದುದರಿಂದ ತಯಾರಿ ಇರಲಿ, ಗಣಿತವೊಂದನ್ನೇ ಗಟ್ಟಿಮಾಡಿಸದೆ ಅರ್ಧ ಅಂಕಗಳ ಬುದ್ಧಿಸಾಮರ್ಥ್ಯದ ಭಾಗಕ್ಕೂ ಅಭ್ಯಾಸ ಕೊಡಿಸಲಿ. ಸ್ಥಾನ ಸಿಕ್ಕದಿದ್ದರೆ 9ನೆಯ ತರಗತಿಯಲ್ಲಿ ತೆರವಾದ ಸ್ಥಾನಗಳಿಗೆ ಬೇರೊಂದು ಪರೀಕ್ಷೆಯುಂಟು. ಅದೂ ಸಿಕ್ಕದಿದ್ದರೆ ಊರಿನ ಸರಕಾರಿ ಶಾಲೆಯ ಬಾಗಿಲು ಮುಚ್ಚಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗುವ ತಂದೆಯ ಒಂದು ಕಟುನುಡಿ ಮಗುವಿನ ಮನಸ್ಸಿನಲ್ಲಿ ಮುಂದಿನ ವರ್ಷದವರೆಗೂ ಉಳಿಯುತ್ತದೆ. ಊರಿಗೆ ಫೋನು ಮಾಡಿದಾಗ "ಪಾಸಾಯಿತೇ?" ಎಂಬುದರ ಜೊತೆಗೆ, "ಯಾವ ಪ್ರಶ್ನೆ ಕಷ್ಟವಾಯಿತು, ಮಗಾ?" ಎಂದೂ ಕೇಳಿರಿ. ಮಗುವನ್ನು ಅರಿಯುವ ಪರೀಕ್ಷೆ ಅಲ್ಲಿಂದಲೇ ಆರಂಭವಾಗತಕ್ಕದ್ದು.